ಗೆಳತಿ ಅಂದ್ರೆ ನೀವೇನಾ?

"ಒಂಚೂರು ನಿಲ್ತೀರಾ... ಗೆಳತಿ ಅಂದ್ರೆ ನೀವೇನಾ?"

ಆಫೀಸಿನ ಗಾಜಿನ ಬಾಗಿಲು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಪುಟ್ಟಿ ತಲೆ ಎತ್ತಿ ನೋಡಿದಳು. ಎದೆ ಧಸಕ್ಕೆಂದಿತು!

ಅವನೇ! ದಪ್ಪ ಫ್ರೇಮಿನ ಕನ್ನಡಕ, ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು, ಸೊಂಟದ ಬೆಲ್ಟಿಗೆ ನೇತುಹಾಕಿದ ಬೀಗದ ಕೈಗಳ ಗೊಂಚಲು. ಕಂಪ್ಯೂಟರ್ ಪರದೆಯ ಮೂಲೆಯಲ್ಲಿ, ಹೆಬ್ಬೆರಳ ಉಗುರಿನಷ್ಟು ಫೋಟೋದಲ್ಲಿ ಈ ಮುಖವನ್ನು ಅವಳು ಎಷ್ಟು ಸಲ ನೋಡಿದ್ದಳೋ.

ಇವತ್ತು ಮಧ್ಯಾಹ್ನ ಅದೇ ಫೋಟೋದ ಕೆಳಗೆ ಬಂದಿದ್ದ ಸಾಲುಗಳು ಕಣ್ಣ ಮುಂದೆ ಬಂದು ನಿಂತವು. ‘ನಿನ್ನ ಸುಮ್ನೆ ಬಿಡಲ್ಲ. ನಿಮ್ಮ ಆಫೀಸ್ ಎಲ್ಲಿದೆ ಅಂತ ನಂಗೊತ್ತು. ನಾನೇ ಬರ್ತೀನಿ.’

ಅಯ್ಯೋ... ಬಂದೇಬಿಟ್ಟನಲ್ಲ!

"ಅಲ್ಲ... ನಾನಲ್ಲ. ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ." ಪುಟ್ಟಿ ಪಕ್ಕಕ್ಕೆ ಸರಿದಳು.

"ಅಲ್ಲ, ನಾನು ಯಾಕೆ ಕೇಳಿದೆ ಅಂದ್ರೆ..."

ಅವಳು ಕೇಳಿಸಿಕೊಳ್ಳಲು ನಿಂತರೆ ತಾನೇ? ಬ್ಯಾಗನ್ನು ಎದೆಗವಚಿಕೊಂಡು ಬಸ್ ಸ್ಟಾಪಿನ ಕಡೆ ಓಡಿಯೇ ಓಡಿದಳು.

ಅಷ್ಟಕ್ಕೂ ಅವಳು ಹೇಳಿದ್ದು ಪೂರ್ತಿ ಸುಳ್ಳಲ್ಲ. ಗೆಳತಿ ಎಂಬ ಹೆಸರಿನ ಹುಡುಗಿ ಈ ಭೂಮಿಯ ಮೇಲೆಯೇ ಇರಲಿಲ್ಲ. ಪುಟ್ಟಿ ಕೆಲಸಕ್ಕಿದ್ದದ್ದು ಮೊಬೈಲ್‌ನಲ್ಲಿ ಹಣ ಕಳಿಸುವ, ಪಡೆಯುವ ಆ್ಯಪ್ ಕಂಪನಿಯಲ್ಲಿ. ಗ್ರಾಹಕರ ದೂರಿಗೆ ಉತ್ತರ ಕೊಡುವವರು ಯಾರೇ ಆಗಲಿ, ಕೆಳಗೆ ‘ನಿಮ್ಮ ಗೆಳತಿ’ ಎಂದೇ ಬೀಳುತ್ತಿತ್ತು. ಒಂದು ಹಾಲ್ ತುಂಬ ಕೂತಿದ್ದ ಹುಡುಗಿಯರೆಲ್ಲ ಗೆಳತಿಯರೇ. ಮೂಲೆಯ ಮೇಜಿನ ಮೀಸೆ ಮಾಮನೂ ಗೆಳತಿಯೇ!

ಕಂಪನಿ ಬೆಳೆದದ್ದೂ ಹಾಗೆಯೇ, ಕಣ್ಣುಮುಚ್ಚಿ ಬಿಡುವುದರೊಳಗೆ. ನಿನ್ನೆ ಮೊನ್ನೆಯವರೆಗೆ ಒಂದು ಔಷಧಿ ಅಂಗಡಿಯ ಮೇಲಿದ್ದದ್ದು ಇವತ್ತು ಇಡೀ ಕಟ್ಟಡ ಹಿಡಿದಿತ್ತು. ಹೊಸ ಗ್ರಾಹಕರು ಸೇರಿದರೆಂದು ಮೇಲಿನ ಮಹಡಿಯಲ್ಲಿ ಕೇಕ್ ಕತ್ತರಿಸಿದಾಗಲೆಲ್ಲ ಕೆಳಗಿನ ಮಹಡಿಯಲ್ಲಿ ದೂರುಗಳ ರಾಶಿ ಏರುತ್ತಿತ್ತು. ಹಣ ಹೋಯಿತು, ತಲುಪಲಿಲ್ಲ, ಖಾತೆ ಬಂದ್ ಆಯಿತು, ಯಾರೂ ಫೋನ್ ಎತ್ತುತ್ತಿಲ್ಲ... ಗೆಳತಿಯರು ತಿಂದ ಅನ್ನ ಮೈಗೆ ಹತ್ತದ ಹಾಗೆ ದುಡಿದರೂ ರಾಶಿ ಕರಗುತ್ತಿರಲಿಲ್ಲ.

ಆಗ ಅವರ ಟೀಮ್ ಲೀಡರ್ ಒಂದು ಉಪಾಯ ತಂದ. ಏನು ಕೇಳಿದರೂ ‘ಎರಡೇ ನಿಮಿಷ’ ಎನ್ನುತ್ತಿದ್ದುದರಿಂದ ಹುಡುಗಿಯರು ಅವನಿಗಿಟ್ಟ ಹೆಸರು ಎರಡ್ನಿಮಿಷ ಸಾರ್.

"ಹೊಸ ಸಾಫ್ಟ್‌ವೇರ್ ಬಂದಿದೆ. ಒಂದೇ ಥರದ ದೂರುಗಳನ್ನೆಲ್ಲ ಸೇರಿಸಿ ಗಂಟು ಹಾಕಿ. ಹತ್ತು ದೂರು ಇದ್ದ ಕಡೆ ಒಂದೇ ಕಾಣುತ್ತೆ. ಮೇಲಿನೋರಿಗೂ ಖುಷಿ, ನಮಗೂ ಖುಷಿ!"

ಎಲ್ಲರೂ ಗಂಟು ಹಾಕಿದ್ದೇ ಹಾಕಿದ್ದು. ಪುಟ್ಟಿಯೂ ಹಾಕಿದಳು. ಬಂದ್ ಆದ ಖಾತೆಗಳ ಒಂದು ಗಂಟಿಗೆ ಮಾತ್ರ ಬೇಕೆಂದೇ ಈ ಕನ್ನಡಕದ ಬೀಗದವನ ದೂರನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದಳು. ಬೆಳಿಗ್ಗೆ ಬಂದ ತಕ್ಷಣ ಅವನ ಫೋಟೋ ಕಾಣಲಿ ಅಂತ... ಅದನ್ನು ತನಗೆ ತಾನೇ ಒಪ್ಪಿಕೊಂಡಿರಲಿಲ್ಲ, ಅದು ಬೇರೆ ಮಾತು.

ಅವನ ಮೊದಲ ಸಂದೇಶಕ್ಕೇ ಅವಳು ಕಿಸಕ್ಕೆಂದು ನಕ್ಕು ಅಕ್ಕಪಕ್ಕದವರಿಂದ ಬೈಸಿಕೊಂಡಿದ್ದಳು.

‘ಗೆಳತಿಯವರೇ, ನಾನು ಬೀಗ ರಿಪೇರಿ ಮಾಡೋನು. ಈಗ ನನ್ನ ಖಾತೆಗೇ ಬೀಗ ಬಿದ್ದಿದೆ. ಯಾವ ಕಂಪನಿ ಬೀಗ ಅಂತ ಹೇಳಿದ್ರೆ ನಾನೇ ಬಂದು ತೆಕ್ಕೋತೀನಿ.’

ಗುರುತಿಲ್ಲದ ಜನರಿಂದ ದಿನವಿಡೀ ಚೂರುಪಾರು ಹಣ ಬರುವ ಖಾತೆಗಳನ್ನು ಕಂಡರೆ ಕಂಪನಿಯ ಯಂತ್ರಕ್ಕೆ ಅನುಮಾನ. ಬೀಗದ ಅಂಗಡಿಗೆ ಬರುವವರು ಗುರುತಿಲ್ಲದವರೇ ತಾನೇ! ಪುಟ್ಟಿ ಅವನಿಗೆ ಕಂಪನಿಯ ಸಿದ್ಧ ಉತ್ತರ ಕಳಿಸಲಿಲ್ಲ. ತನ್ನದೇ ಮಾತಿನಲ್ಲಿ ಬರೆದಳು. ಅವನೂ ಬರೆದ. ಒಂದು ದಿನವೂ ಏಕವಚನ ಬಳಸಲಿಲ್ಲ, ಒಂದು ಬೈಗುಳವಿಲ್ಲ. ‘ನಿಮಗೂ ದಿನವಿಡೀ ಬೈಗುಳ ಕೇಳಿ ಸಾಕಾಗಿರುತ್ತೆ, ನಾಳೆ ನೋಡಿ ಪರವಾಗಿಲ್ಲ’ ಎಂದು ಬರೆದ ಗ್ರಾಹಕನನ್ನು ಅವಳು ಇದುವರೆಗೆ ಕಂಡಿರಲಿಲ್ಲ.

ಗಂಟು ಹಾಕಿದ ಆ ದಿನವೇ ಅವಳು ಬೆರಳು ತಡೆಯಲಾಗದೆ ಬರೆದೇಬಿಟ್ಟಳು. ‘ನಿಮ್ಮ ಕೆಲಸ ಆಗೋವರೆಗೂ ನಾನಿದ್ದೀನಿ. ಚಿಂತೆ ಬಿಟ್ಟು ಊಟ ಮಾಡಿ ಮಲಗಿ.’

ಕಳಿಸಿದ ಮೇಲೆ ಕಿವಿ ಬಿಸಿಯಾಗಿತ್ತು.

ಮಾರನೆಯ ದಿನ ಬಂದಿದ್ದೇ ಆ ಬೆದರಿಕೆ! ಹಿಂದೆಯೇ ಇನ್ನೊಂದು.

‘ಊಟ ಮಾಡಿ ಮಲಗಬೇಕಾ? ನಿನ್ನ ಊಟ, ನಿದ್ದೆ ಎರಡೂ ಬಿಡಿಸ್ತೀನಿ ನೋಡ್ತಿರು!’

ತಾನು ಅಷ್ಟು ಅಕ್ಕರೆಯಿಂದ ಬರೆದ ಮಾತನ್ನೇ ಎತ್ತಿ ಮುಖಕ್ಕೆ ಎಸೆದಿದ್ದ. ಅಷ್ಟು ಮೆತ್ತಗೆ ಮಾತಾಡುತ್ತಿದ್ದವನು ಹೀಗಾ? ಇಷ್ಟು ದಿನ ನನ್ನ ಜೊತೆ ನಾಟಕ ಆಡಿದನಾ? ಭಯಕ್ಕಿಂತ ಮೊದಲು ಅವಳಿಗೆ ಅಳು ಬಂದಿತ್ತು.

ಈಗ ಬಸ್ಸಿನಲ್ಲಿ ಕೂತಿದ್ದ ಅವಳಿಗೆ ಅಳುವುದಕ್ಕೂ ಧೈರ್ಯವಿರಲಿಲ್ಲ. ಹಿಂದಿನ ಬಾಗಿಲಿನ ಕಡೆಯಿಂದ ಸದ್ದು ಬರುತ್ತಿತ್ತು. ಝಣ್... ಝಣ್...

ತಿರುಗಿ ನೋಡಬಾರದು. ನೋಡಬಾರದು...

ನೋಡಿದಳು. ಕಂಬಿ ಹಿಡಿದು ನಿಂತಿದ್ದ ಅವನು!

ತನ್ನ ಸ್ಟಾಪ್ ಬಂದಾಗ ಧಡಕ್ಕನೆ ಇಳಿದಳು. ಅವನೂ ಇಳಿದ. ಅವಳು ಬೇಗ ನಡೆದಳು. ಸದ್ದೂ ಹಿಂದೆ ಬಂತು. ಹಣ್ಣಿನ ಗಾಡಿ ದಾಟಿದಳು, ಇಸ್ತ್ರಿ ಅಂಗಡಿ ದಾಟಿದಳು. ಮನೆಯ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹತ್ತಿದಳು.

"ಅಕ್ಕಾ! ಬಾಗ್ಲು ಹಾಕು! ಚಿಲಕ ಹಾಕು!"

ಹೊಲಿಗೆ ಯಂತ್ರದ ಮುಂದಿದ್ದ ಅಕ್ಕ ಗಾಬರಿಯಾಗಿ ಎದ್ದಳು. ಆ ಮನೆಯಲ್ಲಿ ಇದ್ದದ್ದು ಅವರಿಬ್ಬರೇ.

"ಏನಾಯ್ತೇ ಪುಟ್ಟಿ? ದೆವ್ವ ಕಂಡೋಳ ಹಾಗೆ ಬಂದಿದ್ದೀಯ!"

"ಯಾರೋ... ಯಾರೋ ಹಿಂದೆ ಬಂದ ಹಾಗಾಯ್ತು."

"ನಮ್ಮ ಬೀಗ ಬೇರೆ ಜೋರಾಗಿ ತಳ್ಳಿದ್ರೆ ಕೈಗೇ ಬರೋ ಹಾಗಿದೆ. ಇರು, ನಾಳೆ ಬೆಳಿಗ್ಗೆನೇ ಬದಲಾಯಿಸೋಣ. ಮುಂದಿನ ಬೀದೀಲಿ ಒಬ್ಬ ಇದ್ದಾನೆ, ತುಂಬ ಒಳ್ಳೆಯವನು."

ಒಳ್ಳೆಯವನು ಯಾರೆಂದು ಪುಟ್ಟಿಗೆ ತಿಳಿದದ್ದು ಬೆಳಿಗ್ಗೆ ಬಾಗಿಲು ತೆರೆದಾಗಲೇ.

ಎದುರಿಗೆ ಕನ್ನಡಕ. ಹುಬ್ಬಿನ ಮೇಲಿನ ಗಾಯ. ಕೈಯಲ್ಲಿ ಕಬ್ಬಿಣದ ಪೆಟ್ಟಿಗೆ.

"ಓ! ಇದು ನಿಮ್ಮನೇನಾ?" ಅವನ ಮುಖ ಅರಳಿತು. "ನಿನ್ನೆ ನಿಮ್ಮನ್ನ ಹೆದರಿಸಿಬಿಟ್ಟೆ ಅನ್ಸುತ್ತೆ, ನನ್ನ ಅಂಗಡಿಗೂ ಅದೇ ಬಸ್ಸು. ತಪ್ಪಾಯ್ತು."

ಅವಳು ಹಿಂದೆ ಸರಿದು ಅಕ್ಕನ ಮೇಜಿನ ಮೇಲಿದ್ದ ಬಟ್ಟೆ ಕತ್ತರಿಯನ್ನು ಬೆನ್ನ ಹಿಂದೆ ಹಿಡಿದು ನಿಂತಳು. ಬಾಗಿಲಿಗೆ ಅವನು ರಂಧ್ರ ಕೊರೆಯುವಷ್ಟು ಹೊತ್ತೂ ಹಾಗೇ ನಿಂತಿದ್ದಳು. ನಮ್ಮನೆ ಬಾಗಿಲಿಗೆ ಇವನೇ ಬೀಗ ಹಾಕ್ತಿದ್ದಾನೆ... ದೇವರೇ, ಇನ್ನು ಯಾರಿಗೆ ಹೆದರಿ ಬಾಗಿಲು ಹಾಕ್ಕೊಳ್ಳಲಿ?

ಕೆಲಸ ಮುಗಿಸಿ ಅವನು ಮೂರು ಬೀಗದ ಕೈಗಳನ್ನು ಅಕ್ಕನ ಮುಂದೆ ಇಟ್ಟ.

"ಇಷ್ಟೇ ಇರೋದು. ನಾನು ಯಾರ ಮನೆ ಕೀನೂ ಇಟ್ಕೊಳ್ಳಲ್ಲ ಅಕ್ಕಾ. ಇಟ್ಕೊಂಡಿದ್ದಾನೆ ಅಂತ ಒಬ್ರಿಗೆ ಅನುಮಾನ ಬಂದ್ರೂ ನನ್ನ ಅಂಗಡಿ ಕಥೆ ಮುಗೀತು."

ಹೇಳುವಾಗ ಅವನು ನೋಡಿದ್ದು ಪುಟ್ಟಿಯ ಕಡೆಗೆ. ಅವಳಿಗೆ ಅದೂ ಬೆದರಿಕೆಯಂತೆಯೇ ಕೇಳಿಸಿತು!

ಆಫೀಸಿಗೆ ಹೋದವಳೇ ಎರಡ್ನಿಮಿಷ ಸಾರ್ ಮುಂದೆ ಎಲ್ಲ ಹೇಳಿ ಅತ್ತಳು. ಅವನು ಸೆಕ್ಯುರಿಟಿಯವರನ್ನು ಕರೆದ, ಅವರು ಪೊಲೀಸರನ್ನು ಕರೆದರು. ಪರದೆಯ ಮೇಲಿನ ಫೋಟೋವನ್ನು ದೊಡ್ಡದು ಮಾಡಿ ತೋರಿಸಿದರು.

"ಇವನೇನಾಮ್ಮಾ?"

"ಹೂಂ..."

ಒಂದು ‘ಹೂಂ’. ಅಷ್ಟೇ.

ಮಧ್ಯಾಹ್ನ ಅಕ್ಕನ ಫೋನ್ ಬಂತು.

"ಪುಟ್ಟೀ, ಕೇಳಿದ್ಯಾ! ನಮ್ಮ ಬೀಗದವನ್ನ ಪೊಲೀಸರು ಅಂಗಡಿಯಿಂದಾನೇ ಎಳ್ಕೊಂಡು ಹೋದ್ರಂತೆ! ಯಾವುದೋ ಹುಡುಗಿ ಹಿಂದೆ ಬಿದ್ದು ಹೆದರಿಸಿದ್ನಂತೆ. ಬೀದಿಯೋರೆಲ್ಲ ಎದೆ ಮೇಲೆ ಕೈ ಇಟ್ಕೊಂಡು ಕೂತಿದ್ದಾರೆ, ಎಲ್ಲರ ಮನೆ ಬೀಗಾನೂ ಅವನೇ ಹಾಕಿದ್ದಲ್ವಾ! ಅಲ್ಲ, ಆ ಹುಡುಗಿ... ನೀನಲ್ಲ ತಾನೇ?"

ಪುಟ್ಟಿ ಫೋನ್ ಇಟ್ಟಳು. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ‘ನಿಮಗೂ ಬೈಗುಳ ಕೇಳಿ ಸಾಕಾಗಿರುತ್ತೆ’ ಎಂದಿದ್ದ ಸಾಲು ಬೇಡವೆಂದರೂ ನೆನಪಿಗೆ ಬರುತ್ತಿತ್ತು.

ಟಿಂಗ್!

ಪರದೆಯಲ್ಲಿ ಅದೇ ಫೋಟೋ ಮಿನುಗಿತು. ಕೆಳಗೆ ಹೊಸ ಸಾಲು.

‘ಇನ್ನೂ ಉತ್ತರ ಇಲ್ವಾ? ಸೋಮವಾರ ನಿನ್ನ ಮುಂದೆ ಬಂದು ನಿಲ್ತೀನಿ!’

ಅವನು ಸ್ಟೇಷನ್ನಿನಲ್ಲಿದ್ದಾನೆ. ಅವನ ಫೋನು ಪೊಲೀಸರ ಕೈಯಲ್ಲಿದೆ. ಹಾಗಾದರೆ... ಇದನ್ನು ಬರೆದದ್ದು ಯಾರು?

ಅವಳು ಫೋಟೋದ ಪಕ್ಕದಲ್ಲಿದ್ದ ಸಣ್ಣ ಬಾಣದ ಗುರುತನ್ನು ಒತ್ತಿದಳು. ಇದುವರೆಗೆ ಅದನ್ನು ಒತ್ತಿರಲಿಲ್ಲ. ಗಂಟು ಹಾಕುವುದನ್ನು ಕಲಿಸಿದ್ದ ಎರಡ್ನಿಮಿಷ ಸಾರ್, ಬಿಚ್ಚುವುದನ್ನು ಯಾರಿಗೂ ಕಲಿಸಿರಲಿಲ್ಲ.

ಗಂಟು ಬಿಚ್ಚಿಕೊಂಡಿತು. ಅವನ ಫೋಟೋದ ಹಿಂದಿನಿಂದ ಒಂದೊಂದೇ ಮುಖ ಹೊರಬಂತು. ಆ ಗಂಟಿನಲ್ಲಿದ್ದ ಯಾರು ಏನು ಬರೆದರೂ ಕಾಣುತ್ತಿದ್ದುದು ಮೇಲಿದ್ದವನ ಮುಖ! ಅವಳು ಉತ್ತರ ಬರೆದರೆ ಹೋಗುತ್ತಿದ್ದುದು ಎಲ್ಲರಿಗೂ!

ಮೇಲೆ ಅವನನ್ನು ಇಟ್ಟವಳು ಯಾರು? ನಾನೇ... ನಾನೇ!

ಬೆದರಿಕೆಗಳೆಲ್ಲ ಬಂದದ್ದು ಗುಲಾಬಿ ಹೂವಿನ ಫೋಟೋ ಇದ್ದ ಇನ್ನೊಂದು ಖಾತೆಯಿಂದ. ಪುಟ್ಟಿ ಆ ನಂಬರಿಗೆ ಫೋನ್ ಮಾಡಿದಳು.

"ಯಾರು?" ಅತ್ತ ಕಡೆಯಿಂದ ಬಂದದ್ದು ಒಬ್ಬ ಅಜ್ಜಿಯ ದನಿ.

"ನಾನು... ಗೆಳತಿ ಮಾತಾಡ್ತಿರೋದು."

"ಅಬ್ಬಾ, ಅಂತೂ ಬಾಯಿ ಬಿಟ್ಯಲ್ಲ ತಾಯಿ! ಬೆದರಿಸಿದ್ರೇ ನಿಮ್ಮಂಥೋರು ಫೋನ್ ಮಾಡೋದು ಅಂತ ಪಕ್ಕದ ಮನೆಯವಳು ಹೇಳಿದ್ಲು. ನಿಜವಾಯ್ತು ನೋಡು!"

"ಅಜ್ಜೀ... ಅದನ್ನೆಲ್ಲ ಬರೆದಿದ್ದು ನೀವೇನಾ?"

"ಮತ್ತಿನ್ಯಾರು? ಪಿಂಚಣಿ ಬರೋ ಖಾತೆ ಬಂದ್ ಆಗಿದೆ ಅಂತ ಬಾಯಿ ಬಾಯಿ ಬಡ್ಕೊಂಡ್ರೆ, ಚಿಂತೆ ಬಿಟ್ಟು ಊಟ ಮಾಡಿ ಮಲಗಿ ಅಂತ ಬರೀತೀಯಲ್ಲ! ನನ್ನ ಮೈ ಉರಿದುಹೋಯ್ತು!"

ಪುಟ್ಟಿಗೆ ನಗು ಬರಲಿಲ್ಲ. ಮೊದಲು ಅಜ್ಜಿಯ ಖಾತೆ ತೆರೆಸಿದಳು. ಆಮೇಲೆ ಎರಡ್ನಿಮಿಷ ಸಾರ್ ಮೇಜಿನ ಮುಂದೆ ಹೋಗಿ ನಿಂತಳು. ಕೇಳುತ್ತ ಕೇಳುತ್ತ ಅವನ ಮುಖ ಬಿಳಿಚಿಕೊಂಡಿತು.

"ಶ್... ಮೆಲ್ಲಗೆ! ಗಂಟು ಹಾಕಿದ್ವಿ ಅಂತ ಪೊಲೀಸರ ಮುಂದೆ ಹೇಳಿದ್ರೆ ಕಂಪನಿ ಮರ್ಯಾದೆ ಏನಾಗುತ್ತೆ? ಸುಮ್ನಿರು. ಸಾಕ್ಷಿ ಸಿಗದಿದ್ರೆ ಅವ್ರೇ ಬಿಡ್ತಾರೆ."

"ಅಲ್ಲೀವರೆಗೂ ಅವರ ಮರ್ಯಾದೆ ಸಾರ್?"

"ನೋಡು, ಈಗ ನೀನು ಹೊರಗೆ ಹೋದ್ರೆ ನಾಳೆಯಿಂದ ಬರೋದೇ ಬೇಡ."

ಮನೆ ಬಾಡಿಗೆ ನೆನಪಾಯಿತು. ಅಕ್ಕನ ಬೆನ್ನು ನೋವು ನೆನಪಾಯಿತು. ಆದರೂ ಅವಳು ಕೊರಳಿನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟು ಹೊರನಡೆದಳು.

ಸ್ಟೇಷನ್ನಿನಲ್ಲಿ ಇನ್ಸ್‌ಪೆಕ್ಟರ್ ಎಲ್ಲವನ್ನೂ ಕೇಳಿ, ಅಜ್ಜಿಗೂ ಫೋನ್ ಮಾಡಿಸಿ, ಪುಟ್ಟಿಗೆ ಚೆನ್ನಾಗಿ ಬೈದರು. ಅವಳು ತಲೆ ತಗ್ಗಿಸಿ ಕೇಳಿದಳು. ಸಂಜೆಯಾಗುತ್ತಿದ್ದಾಗ ಅವನು ಹೊರಬಂದ. ಅಂಗಿಯ ತೋಳು ಹರಿದಿತ್ತು. ಬೀಗದ ಕೈಗಳ ಗೊಂಚಲನ್ನು ಸದ್ದಾಗದ ಹಾಗೆ ಮುಷ್ಟಿಯಲ್ಲಿ ಹಿಡಿದಿದ್ದ.

ಮೆಟ್ಟಿಲ ಮೇಲೆ ಅವಳನ್ನು ಕಂಡು ನಿಂತ.

"ಗೆಳತಿ ಅಂದ್ರೆ ನೀವೇನಾ?"

"ಹೌದು."

"ನಿನ್ನೆ ಕೇಳಿದಾಗ ಅಲ್ಲ ಅಂದ್ರಿ."

"ಹೆದರಿದ್ದೆ..."

"ನನ್ನ ಕಂಡು?"

ಅವಳ ಕಣ್ಣು ಅವನ ಹರಿದ ತೋಳಿನ ಮೇಲೇ ಇತ್ತು. ಅವನು ಕನ್ನಡಕ ತೆಗೆದು ಒರೆಸಿಕೊಂಡು, ಮೆಟ್ಟಿಲಿಳಿದು ಹೊರಟುಹೋದ.

ಅವನನ್ನು ಪೊಲೀಸರು ಬಿಟ್ಟರೇನೋ ನಿಜ. ಬೀದಿ ಬಿಡಬೇಕಲ್ಲ! ಕರೆದುಕೊಂಡು ಹೋದದ್ದನ್ನು ಎಲ್ಲರೂ ನೋಡಿದ್ದರು, ಯಾಕೆ ಬಿಟ್ಟರೆಂದು ಕೇಳಿದವರಿಲ್ಲ. ಅವನ ಅಂಗಡಿ ಬಂದರೆ ಜನ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆದರು. ದಿನವೂ ಪುಟ್ಟಿ ಕಿಟಕಿಯ ಹಿಂದೆ ನಿಂತು ಕಿವಿಗೊಟ್ಟಳು. ಕೀ ಅರೆಯುವ ಯಂತ್ರದ ಸದ್ದು ಒಂದು ದಿನವೂ ಕೇಳಲಿಲ್ಲ. ಹಿಂದೆ ಯಾವ ಝಣಝಣ ಕೇಳಿ ನಡುಗಿದ್ದಳೋ, ಈಗ ಅದೇ ಕೇಳಿಸುತ್ತಿಲ್ಲವಲ್ಲ ಎಂದು ನಡುಗಿದಳು.

"ಬೀಗದವನು ಅಂಗಡಿ ಖಾಲಿ ಮಾಡ್ತಾನಂತೆ ಕಣೇ. ಇವತ್ತು ಸಾಮಾನು ಕಟ್ತಿದ್ದಾನೆ," ಎಂದಳು ಅಕ್ಕ ಒಂದು ಸಂಜೆ. ಅಕ್ಕನಿಗೆ ಪುಟ್ಟಿ ಎಲ್ಲ ಹೇಳಿದ್ದಳು. ಮೂರು ದಿನ ಮಾತು ಬಿಟ್ಟಿದ್ದ ಅಕ್ಕ ಈಗ ಅವಳ ಮುಖವನ್ನೇ ನೋಡುತ್ತಿದ್ದಳು. "ಕಿಟಕಿ ಹಿಂದೆ ನಿಂತು ಅತ್ರೆ ಅವನಿಗೆ ಕೇಳಿಸುತ್ತಾ?"

"ಹೋದ್ರೆ ಮುಖಕ್ಕೆ ಉಗೀತಾರೆ ಅಕ್ಕಾ. ಬೀದಿಯೋರೂ... ಅವರೂ."

"ಉಗಿಯಲಿ. ಒರೆಸ್ಕೋ. ನಡಿ, ನಾನೂ ಬರ್ತೀನಿ."

ಕೆಲಸ ಮುಗಿಸಿ ಮನೆಗೆ ಬರುವವರಿಂದ ಬೀದಿ ತುಂಬಿತ್ತು. ಅವನು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ. ಪುಟ್ಟಿ ನಾಲ್ಕು ಹೆಜ್ಜೆ ದೂರದಲ್ಲೇ ನಿಂತಳು. ಓಡಿಹೋಗಲಾ? ಅವತ್ತಿನ ಹಾಗೆ?

ಇಲ್ಲ. ಓಡಿದ್ದು ಸಾಕು.

"ಎಲ್ಲರೂ ಸ್ವಲ್ಪ ಕೇಳಿ!" ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಪೊಲೀಸರಿಗೆ ಇವರ ಫೋಟೋ ತೋರಿಸಿದ್ದು ನಾನು! ಬೆದರಿಕೆ ಬರೆದಿದ್ದು ಇವರಲ್ಲ, ಬೇರೆಯವರು. ತಪ್ಪು ನಂದು, ನಮ್ಮ ಕಂಪನೀದು. ಇವರು ಯಾರ ಹಿಂದೇನೂ ಬಿದ್ದಿಲ್ಲ. ಬೈಯ್ಯೋದಾದ್ರೆ ನನ್ನ ಬೈಯಿರಿ!"

ಹಣ್ಣಿನ ಗಾಡಿಯವನು ತಕ್ಕಡಿ ಹಿಡಿದವನು ಹಿಡಿದ ಹಾಗೇ ನಿಂತ. ಇಸ್ತ್ರಿ ಅಂಗಡಿಯಾಕೆ ಬಾಯಿ ತೆರೆದಳು. ಪುಟ್ಟಿ ಅಂಗಡಿಯ ಕಟ್ಟೆಯ ಮೇಲೆ ಒಂದು ಬೀಗದ ಕೈ ಇಟ್ಟಳು.

"ನಮ್ಮನೆ ಕೀ. ಇದಕ್ಕೊಂದು ಡೂಪ್ಲಿಕೇಟ್ ಬೇಕು."

ಅವನು ತಲೆ ಎತ್ತಲಿಲ್ಲ. "ಮೂರು ಕೊಟ್ಟಿದ್ನಲ್ಲ."

"ನಾಲ್ಕನೇದು ನಿಮ್ಮ ಹತ್ರ ಇರಬೇಕು."

"ನಾನು ಯಾರ ಮನೆ ಕೀನೂ ಇಟ್ಕೊಳ್ಳಲ್ಲ ಅಂತ ಹೇಳಿದ್ದೆ."

"ಗೊತ್ತು. ಅದಕ್ಕೇ ಕೊಡ್ತಿರೋದು."

ಅವನ ಕೈ ಹಗ್ಗದ ಮೇಲೆಯೇ ನಿಂತಿತು. ಪುಟ್ಟಿ ಆ ಕೈಯನ್ನೇ ನೋಡಿದಳು. ಬೇಡ ಅಂತಾನೆ. ಈಗ ಬೇಡ ಅಂತಾನೆ...

ಅವನು ಹಗ್ಗ ಬಿಚ್ಚಿ ಯಂತ್ರ ಹೊರತೆಗೆದ. ಎಷ್ಟೋ ದಿನದ ಮೇಲೆ ಬೀದಿಗೆ ಅದರ ಕಿರ್ರೆಂಬ ಸದ್ದು ಕೇಳಿಸಿತು. ಮುಗಿಯುವುದರೊಳಗೆ ಇಸ್ತ್ರಿ ಅಂಗಡಿಯಾಕೆ ರಸ್ತೆ ದಾಟಿ ಬಂದು, ತುಕ್ಕು ಹಿಡಿದ ಬೀಗವೊಂದನ್ನು ಕಟ್ಟೆಯ ಮೇಲಿಟ್ಟಳು.

"ನಂದೂ ಒಂದು ನೋಡಪ್ಪಾ, ತಿರುಗ್ತಾನೇ ಇಲ್ಲ. ಬೇರೆಯೋನ ಹತ್ರ ಹೋಗಿದ್ದೆ, ಇನ್ನೂ ಹಾಳು ಮಾಡಿಟ್ಟ."

ಆಕೆ ಅತ್ತ ಹೋದ ಮೇಲೆ ಅವನು ಹೊಸ ಬೀಗದ ಕೈಯ ಅಂಚನ್ನು ಅಂಗಿಗೆ ಒರೆಸುತ್ತ ಮೆಲ್ಲಗೆ ಹೇಳಿದ.

"ನನ್ನ ಖಾತೆ ಅವತ್ತು ಬೆಳಿಗ್ಗೆನೇ ಸರಿಹೋಗಿತ್ತು."

"ಯಾವತ್ತು?"

"ನಿಮ್ಮ ಆಫೀಸ್ ಬಾಗಿಲಲ್ಲಿ ನಿಂತಿದ್ನಲ್ಲ, ಅವತ್ತು."

"ಮತ್ತೆ... ಯಾಕೆ ಬಂದಿದ್ರಿ?"

"ಊಟ ಮಾಡಿ ಮಲಗಿ ಅಂತ ನನಗೆ ಯಾರಾದ್ರೂ ಹೇಳಿ ವರ್ಷಗಳೇ ಆಗಿತ್ತು. ಹೇಳಿದೋರ ಮುಖ ಒಂದ್ಸಲ ನೋಡೋಣ ಅನ್ನಿಸ್ತು."

ಅವಳ ಕಣ್ಣು ತುಂಬಿ ಬಂತು. "ಅದು... ಅದು ಎಷ್ಟೋ ಜನಕ್ಕೆ ಹೋಗಿತ್ತು."

"ಇನ್ಸ್‌ಪೆಕ್ಟರ್ ಹೇಳಿದ್ರು. ಹೋಗಿದ್ದು ಎಷ್ಟು ಜನಕ್ಕಾದ್ರೂ ಇರಲಿ... ಬರೆದಿದ್ದು ಯಾರಿಗೆ?"

"ನಿಮಗೆ." ಕೆನ್ನೆಯ ಮೇಲಿಂದ ನೀರು ಇಳಿಯಿತು. "ನಿಮಗೊಬ್ಬರಿಗೇ."

ಅವನು ನಾಲ್ಕನೆಯ ಬೀಗದ ಕೈಯನ್ನು ಗೊಂಚಲಿಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಝಣ್ ಎಂದಿತು. ಅವಳು ಈ ಸಲ ಬೆಚ್ಚಲಿಲ್ಲ.

ಹಿಂದೆ ನಿಂತಿದ್ದ ಅಕ್ಕ ಕೆಮ್ಮಿದಳು. "ನಾನು ಹೋಗಿ ತಟ್ಟೆ ಹಾಕ್ತೀನಪ್ಪಾ. ಎಷ್ಟು ಹಾಕಲಿ, ಎರಡೋ ಮೂರೋ?"

ಪುಟ್ಟಿ ಕಣ್ಣೊರೆಸಿಕೊಂಡು ಅವನನ್ನು ನೋಡಿದಳು. "ಊಟ ಆಯ್ತಾ ನಿಮ್ದು?"

"ಇಲ್ಲ."

"ಹಾಗಾದ್ರೆ ಬನ್ನಿ."

"ಬಂದ್ರೆ ಬಾಗಿಲು ತೆಗೀತೀರಾ? ಕತ್ತರಿ ಹಿಡ್ಕೊಂಡು ನಿಲ್ಲಲ್ಲ ತಾನೇ?"

"ಅಯ್ಯೋ... ಅದನ್ನ ನೋಡಿಬಿಟ್ಟಿದ್ರಾ!" ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಬಾಗಿಲು ಮಾತ್ರ ನಾನು ತೆಗೆಯಲ್ಲ. ಕೀ ನಿಮ್ಮ ಹತ್ರಾನೇ ಇದೆಯಲ್ಲ."